ಇಸವಿಯಿಲ್ಲದ ತಾರೀಖು

ಮೇಸ್ತ್ರಿಗೆ ಸಿಟ್ಟು ಬಂದರೆ ಮೊದಲು ಕೈ ಮಾತಾಡುತ್ತಿತ್ತು, ಬಾಯಿ ಆಮೇಲೆ. ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡುವ ಅವನ ವರ್ಕ್‌ಶಾಪಿಗೆ ಬರುವವರಿಗೆಲ್ಲ ಇದು ಗೊತ್ತಿತ್ತು. ಅಳತೆ ತಪ್ಪಾಗಿದೆ ಎಂದು ಜೋರು ಮಾಡಿದ ಒಬ್ಬ ಕಂಟ್ರಾಕ್ಟರನ ಕೊರಳಪಟ್ಟಿ ಹಿಡಿದು, ಅದೇ ಗೇಟಿಗೆ ಒರಗಿಸಿ, ಟೇಪು ತೆಗೆದು ಹಣೆಯಿಂದ ಗದ್ದದವರೆಗೆ ಅಳೆದು, "ಇದೂ ಒಂದು ಇಂಚು ಜಾಸ್ತಿ ಇದೆ, ಸರಿ ಮಾಡ್ಲಾ?" ಎಂದು ಕೇಳಿದ್ದ. ಬೀದಿಯವರು ಅದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ನಗುವುದಕ್ಕೇನು, ಗೇಟಿಗೆ ಒರಗಿದ್ದವರು ಅವರಲ್ಲವಲ್ಲ.

ಆದರೆ ಮೇಸ್ತ್ರಿ ಕೊಲ್ಲಲೆಂದೇ ಕೈ ಎತ್ತಿದ್ದು ಅಲ್ಲಿಯವರೆಗೆ ಒಂದೇ ಸಲ. ಅದೂ ಆಸ್ಪತ್ರೆಯ ಕಾರಿಡಾರಿನಲ್ಲಿ, ಸುಮಾರು ಮೂರು ವರ್ಷದ ಹಿಂದೆ. ಏಟು ತಿಂದವನು ಒಬ್ಬ ಲಾರಿ ಡ್ರೈವರು. ಎಲ್ಲರೂ ಅವನನ್ನು ಹಾರ್ನ್ ಎಂದೇ ಕರೆಯುತ್ತಿದ್ದರು, ಏಕೆಂದರೆ ಬೀದಿಯ ಆ ತುದಿಯಲ್ಲಿ ಬಾರಿಸಲು ಶುರು ಮಾಡಿದರೆ ಲಾರಿ ವರ್ಕ್‌ಶಾಪಿನ ಅಂಗಳದಲ್ಲಿ ನಿಲ್ಲುವವರೆಗೂ ಅವನು ಹಾರ್ನ್ ಮೇಲಿನ ಕೈ ತೆಗೆಯುತ್ತಿರಲಿಲ್ಲ. ಮುರಿದ ಲಾರಿ ಬಾಡಿ ಬೆಸುಗೆ ಹಾಕಿಸಲು ವಾರಕ್ಕೊಮ್ಮೆಯಾದರೂ ಬರುತ್ತಿದ್ದ. ಆ ಒಂದು ದಿನ ಮಾತ್ರ ಬಾರಿಸಲಿಲ್ಲ. ಲಾರಿ ಹಿಂದಕ್ಕೆ ಬಂತು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ಕೆದಕುತ್ತಿದ್ದ ಒಂಬತ್ತು ವರ್ಷದ ಹುಡುಗಿ ಏಳಲಿಲ್ಲ.

ಅವಳು ಮೇಸ್ತ್ರಿಯ ಒಬ್ಬಳೇ ಮಗಳು. ಹಳೆ ಬೇರಿಂಗುಗಳೊಳಗಿನ ಉಕ್ಕಿನ ಗುಂಡು ಕೂಡಿಹಾಕುವ ಹುಚ್ಚು ಅವಳಿಗೆ. ಅದಕ್ಕೇ ಅವಳನ್ನು ಗೋಲಿ ಎಂದು ಕರೆಯುತ್ತಿದ್ದರು. ಡಾಕ್ಟರು ಹೊರಗೆ ಬಂದು ತಲೆ ಅಲ್ಲಾಡಿಸಿದಾಗ ಹಾರ್ನ್ ಅಲ್ಲೇ ಗೋಡೆಗೆ ಅಂಟಿಕೊಂಡು, ಅವಳ ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಅಳುತ್ತಿದ್ದ. ಮೇಸ್ತ್ರಿ ಗೋಡೆಗೆ ತೂಗುಹಾಕಿದ್ದ ಬೆಂಕಿ ನಂದಿಸುವ ಕೆಂಪು ಸಿಲಿಂಡರನ್ನು ಕಿತ್ತು ಅವನ ಮುಖಕ್ಕೆ ಬಾರಿಸಿದ. ದವಡೆ ಎರಡು ಕಡೆ ಮುರಿಯಿತು. ಎರಡನೇ ಏಟು ತಲೆಗೆ ಬೀಳಬೇಕಿತ್ತು. ಜೊತೆಯಲ್ಲಿದ್ದ ಮೇಸ್ತ್ರಿಯ ತಮ್ಮ ಅವನ ಬೆನ್ನ ಮೇಲೆ ಹಾರಿ ಬಿದ್ದು ಕೈ ತಿರುಚಿದ್ದರಿಂದ ಅದು ನೆಲಕ್ಕೆ ಬಿತ್ತು.

ಮೇಸ್ತ್ರಿ ಹನ್ನೊಂದು ದಿನ ಲಾಕಪ್ಪಿನಲ್ಲಿದ್ದು ಬಂದ. ಹಾರ್ನ್ ಮೇಲಿನದು, ಅವನ ಮೇಲಿನದು, ಎರಡು ಕೇಸೂ ಕೋರ್ಟಿನಲ್ಲಿ ಎಳೆದಾಡುತ್ತಿದ್ದವು. ಅಲ್ಲಿ ಕಂಡಾಗೆಲ್ಲ ಹಾರ್ನ್ ತಲೆ ತಗ್ಗಿಸುತ್ತಿದ್ದ. ಅವನ ಮುಖ ಒಂದು ಕಡೆಗೆ ವಾಲಿತ್ತು, ಬಾಯಿ ಎರಡು ಬೆರಳು ಹಿಡಿಸುವಷ್ಟು ಮಾತ್ರ ತೆರೆಯುತ್ತಿತ್ತು. "ಆ ನನ್ಮಗನಿಗೆ ಇನ್ನು ಬಾಯ್ತುಂಬ ಆಕಳಿಸೋಕೂ ಆಗಲ್ಲ," ಎಂದು ಮೇಸ್ತ್ರಿ ಮನೆಗೆ ಬಂದು ಹೇಳುತ್ತಿದ್ದ. ಅಷ್ಟು ಹೇಳಿದ ದಿನ ಅವನಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಲಾಕಪ್ಪಿನಿಂದ ಬಂದ ದಿನವೇ ತಮ್ಮನಿಂದ ಮಾತು ತೆಗೆದುಕೊಂಡಿದ್ದ. ಹಾರ್ನ್ ಮತ್ತು ತಮ್ಮ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯರು. "ಅವನ ಮುಖ ನೋಡಿದ ದಿನ ನೀನು ನನ್ನ ತಮ್ಮ ಅಲ್ಲ."

"ನೋಡಲ್ಲ ಅಣ್ಣ," ಎಂದಿದ್ದ ತಮ್ಮ.

ತಮ್ಮನನ್ನು ಎಲ್ಲರೂ ಚಿಕ್ಕ ಎನ್ನುತ್ತಿದ್ದರು, ವಯಸ್ಸು ಇಪ್ಪತ್ತೆಂಟಾದರೂ. ಅಪ್ಪ ಸತ್ತಾಗ ಅವನಿಗೆ ಆರು ವರ್ಷ. ಮೇಸ್ತ್ರಿಯೇ ಸಾಕಿದ್ದು, ಅತ್ತಿಗೆಯೇ ತಲೆಗೆ ಎಣ್ಣೆ ಹಾಕಿ ಬೆಳೆಸಿದ್ದು. ಬೆಸುಗೆಯ ಕಡ್ಡಿ ಹಿಡಿಯುವುದನ್ನು ಅಣ್ಣ ಕಲಿಸಿದ, ಆದರೆ ಚಿಕ್ಕನ ಬಲಗೈ ಎಳೆದ ಬೆಸುಗೆ ಅಣ್ಣನದಕ್ಕಿಂತ ನೆಟ್ಟಗಿರುತ್ತಿತ್ತು. ಮೇಸ್ತ್ರಿ ಗಿರಾಕಿಗಳಿಗೆ ಅದನ್ನು ಬೆರಳಲ್ಲಿ ಸವರಿ ತೋರಿಸುತ್ತಿದ್ದ. ಗೋಲಿ ಹೋದ ಮೇಲೆ ಅವನ ಪಾಲಿಗೆ ಉಳಿದ ಮಗು ಎಂದರೆ ಚಿಕ್ಕನೇ. ಬಾಯಿಬಿಟ್ಟು ಹಾಗೆಂದು ಹೇಳುವ ಜಾಯಮಾನ ಮಾತ್ರ ಅವನದಲ್ಲ.

ಮನೆಯಲ್ಲಿ, ವರ್ಕ್‌ಶಾಪಿನಲ್ಲಿ, ಗೋಲಿಯ ಹೆಸರು ಯಾರೂ ಎತ್ತಕೂಡದು. ಒಮ್ಮೆ ಊಟಕ್ಕೆ ಕೂತಾಗ ಹೆಂಡತಿ, "ಗೋಲಿ ಇದ್ದಿದ್ರೆ," ಎಂದಳು, ಅಷ್ಟೇ. ತಟ್ಟೆ ಗೋಡೆಗೆ ಹೋಯಿತು, ಅಂಗೈ ಅವಳ ಕೆನ್ನೆಗೆ. ಆಮೇಲೆ ಅವನೇ ಗೋಡೆ ಒರೆಸಿದ. ಕೆನ್ನೆಯ ವಿಷಯ ಮಾತಾಡಲಿಲ್ಲ.

ವರ್ಕ್‌ಶಾಪಿನ ಮೂಲೆಯಲ್ಲಿ ಗಾಜಿನ ಬಾಗಿಲಿನ ಆಫೀಸು. ಒಂದು ಮೇಜು, ಒಂದು ಕಂಪ್ಯೂಟರು, ಗಿರಾಕಿಗಳಿಗೆ ಡಿಸೈನು ತೋರಿಸಲು ಗೋಡೆಗೆ ಹಾಕಿಸಿದ ದೊಡ್ಡ ಟಿವಿ. ಐದು ನಿಮಿಷ ಯಾರೂ ಮೌಸ್ ಮುಟ್ಟದಿದ್ದರೆ ಸ್ಕ್ರೀನ್‌ಸೇವರ್ ಶುರುವಾಗಿ ಕಂಪ್ಯೂಟರಿನೊಳಗಿನ ಫೋಟೋಗಳು ಹತ್ತು ಹತ್ತು ಸೆಕೆಂಡಿಗೊಂದರಂತೆ ಟಿವಿಯಲ್ಲಿ ಬರುತ್ತಿದ್ದವು. ಗೇಟು, ಗೇಟು, ಗ್ರಿಲ್ಲು, ನಡುವೆ ಮನೆಯವರದ್ದು ಒಂದು. ಪ್ರತಿ ಫೋಟೋದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಏನೇನೋ ಬರಹ.

"ಏನೋ ಇದು, ಫೋಟೋನಾ, ರಕ್ತ ಪರೀಕ್ಷೆ ರಿಪೋರ್ಟಾ?" ಎಂದು ಒಂದು ಬೆಳಿಗ್ಗೆ ಮೇಸ್ತ್ರಿ ಕೇಳಿದ.

ಚಿಕ್ಕ ನಕ್ಕ. "ನಿಂಗೆ ಬೇಕಾದ್ದು ಮಾತ್ರ ಇಟ್ಕೋಬಹುದು ಅಣ್ಣ. ಹೇಳು, ಒಂದೊಂದೇ ತೆಗೀತೀನಿ."

ಸೆಟ್ಟಿಂಗ್ಸ್ ತೆರೆದ. ಒಂದು ಉದ್ದನೆಯ ಪಟ್ಟಿ, ಒಂದೊಂದರ ಮುಂದೆ ಸಣ್ಣ ಚೌಕ, ಚೌಕದಲ್ಲಿ ಟಿಕ್ ಗುರುತು.

"ಫೈಲಿನ ಹೆಸರು ಯಾರಿಗೆ ಬೇಕು, ತೆಗಿ. ಈ ಎಫ್ಫು, ಅದರ ಮುಂದಿನ ನಂಬರು, ಅದೇನು?"

"ಬೆಳಕು ಎಷ್ಟಿತ್ತು ಅನ್ನೋದು."

"ಬೆಳಕು ಕಣ್ಣಿಗೇ ಕಾಣ್ತಿದೆಯಲ್ಲೋ. ತೆಗಿ."

"ಯಾವ ಕ್ಯಾಮೆರಾ ಅನ್ನೋದು?"

"ಯಾವ ಸುತ್ತಿಗೇಲಿ ಬಡಿದ್ವಿ ಅಂತ ಗೇಟಿನ ಮೇಲೆ ಬರೀತೀವಾ? ತೆಗಿ. ತಾರೀಖಿರಲಿ, ಹೊತ್ತಿರಲಿ. ದೊಡ್ಡದಾಗಿ ಕಾಣಲಿ."

ಚಿಕ್ಕ ಅಕ್ಷರ ಹಿಗ್ಗಿಸಿದ. ಬಿಳಿ ಅಂಗಿಯ ಮೇಲೂ ಕಾಣುವಂತೆ ಬಿಳಿ ಅಕ್ಷರದ ಹಿಂದೆ ಕಪ್ಪು ನೆರಳು ಕೊಟ್ಟ. ಹೇಗಿದೆ ನೋಡೋಣ ಎಂದು ಒತ್ತಿದಾಗ ಬಂದದ್ದು ಗೋಲಿಯ ಫೋಟೋ, ಗೇಟಿನ ಮೇಲೆ ಹತ್ತಿ ನಿಂತದ್ದು. ಕೆಳಗೆ ದಪ್ಪಕ್ಷರದಲ್ಲಿ ದಿನ, ತಿಂಗಳು, ವರ್ಷ, ಹೊತ್ತು.

ಮೇಸ್ತ್ರಿ ಇಸವಿಯ ಮೇಲೆ ಬೆರಳಿಟ್ಟು, "ವರ್ಷ ತೆಗಿ," ಎಂದ.

ಮೌಸಿನ ಮೇಲಿನ ಕೈ ನಿಂತಿತು. "ವರ್ಷ ಇಲ್ದೇ ಹೋದ್ರೆ ಯಾವುದು ಹಳೇದು, ಯಾವುದು ಹೊಸದು ಅಂತ ಗೊತ್ತಾಗಲ್ಲ ಅಣ್ಣ."

"ನಂಗೆ ಕಣ್ಣಿಲ್ವಾ? ಮುಖ ನೋಡಿದ್ರೆ ಗೊತ್ತಾಗಲ್ವಾ? ತೆಗಿ ಅಂದ್ರೆ ತೆಗಿ."

ಚಿಕ್ಕನಿಗೆ ಅರ್ಥವಾಯಿತು, ತೆಗೆದ. ವರ್ಷ ಕಂಡರೆ ಸಾಕು, ಮೇಸ್ತ್ರಿಯ ತಲೆಯೊಳಗೆ ಕಳೆಯುವ ಲೆಕ್ಕ ಶುರುವಾಗುತ್ತಿತ್ತು: ಇಲ್ಲಿಂದ ಅವಳಿಗೆ ಇನ್ನು ಎರಡು ವರ್ಷ ಇತ್ತು, ಇಲ್ಲಿಂದ ಹದಿನೆಂಟು ತಿಂಗಳು, ಇಲ್ಲಿಂದ ಎಂಬತ್ತು ದಿನ. ಆ ಲೆಕ್ಕ ಮುಗಿಯುವಷ್ಟರಲ್ಲಿ ಯಾರಾದರೂ ಎದುರಿಗೆ ಸಿಕ್ಕಿದರೆ ಅವರ ಗ್ರಹಚಾರ. ವರ್ಷ ಹೋದ ಮೇಲೆ ಅವನಿಗೆ ಹಾಯೆನಿಸಿತು. ಜುಲೈ ಎಂದರೆ ಜುಲೈ, ಅಷ್ಟೇ.

ಕೆಲವು ತಿಂಗಳಾದ ಮೇಲೆ, ಮಧ್ಯಾಹ್ನದ ಊಟ ತಂದಾಗ, ಅತ್ತಿಗೆ ಚಿಕ್ಕನನ್ನು ಆಫೀಸಿಗೆ ಕರೆದಳು. "ಹಿಂಗೆ ಯಾವ್ಯಾವುದೋ ಬರೋದು ಬೇಡ ಕಣೋ. ಈ ವಾರದಲ್ಲಿ, ಹೋದ ವರ್ಷಗಳಲ್ಲಿ ತೆಗೆದದ್ದು ಮಾತ್ರ ಬರೋ ಹಾಗೆ ಮಾಡೋಕಾಗುತ್ತಾ? ಅವಳ ಹಲ್ಲು ಬಿದ್ದ ದಿನ ಅದೇ ಫೋಟೋ ನೋಡ್ಬೇಕು ಅನ್ಸುತ್ತೆ. ನಿಮ್ಮಣ್ಣಂಗೆ ಹೇಳ್ಬೇಡ, ಕೂಗಾಡ್ತಾರೆ."

ಅದಕ್ಕೂ ಒಂದು ಚೌಕವಿತ್ತು. ಚಿಕ್ಕ ಟಿಕ್ ಹಾಕಿದ. ಅಣ್ಣ ಹೇಳಿದ್ದಕ್ಕೆ ವರ್ಷ ಮಾಯವಾಗಿತ್ತು. ಅತ್ತಿಗೆ ಹೇಳಿದ್ದಕ್ಕೆ ಎಲ್ಲ ವರ್ಷಗಳ ಒಂದೇ ತಾರೀಖು ಒಂದೇ ಕಡೆ ಬಂದು ಕೂತಿತು. ಎರಡೂ ಕೆಲಸ ಒಂದೇ ಕೈ ಮಾಡಿದ್ದು, ಎರಡೂ ಪ್ರೀತಿಯಿಂದಲೇ ಮಾಡಿದ್ದು. ಎರಡನ್ನೂ ಜೋಡಿಸಿದರೆ ಏನಾಗುತ್ತದೆ ಎಂದು ಆ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ಜುಲೈ ಮೊದಲ ವಾರ ಅಟ್ಟ ಗುಡಿಸುವಾಗ ಅತ್ತಿಗೆಗೆ ಒಂದು ಸಣ್ಣ ರೇನ್‌ಕೋಟು ಸಿಕ್ಕಿತು. ಅದರ ಜೇಬಿನಲ್ಲಿ ಗೋಲಿಯ ಗುಲಾಬಿ ಬಣ್ಣದ ಕ್ಯಾಮೆರಾ. ಎಂಟನೇ ಹುಟ್ಟುಹಬ್ಬಕ್ಕೆ ಚಿಕ್ಕಪ್ಪ ತಂದುಕೊಟ್ಟು, ತಾನೇ ತಾರೀಖು, ಗಡಿಯಾರ ಹೊಂದಿಸಿಕೊಟ್ಟದ್ದು. ಅವಳು ಸತ್ತ ವರ್ಷವೇ ಕಳೆದುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ಬ್ಯಾಟರಿ ಉಬ್ಬಿ, ಮುಚ್ಚಳ ತುಕ್ಕು ಹಿಡಿದಿತ್ತು.

"ಏನಾದ್ರೂ ಸಿಗುತ್ತಾ ನೋಡೋ," ಎಂದು ಸೆರಗಿನಲ್ಲಿ ಮುಚ್ಚಿ ತಂದುಕೊಟ್ಟಳು. "ಸಿಗೋ ತನಕ ಅವರಿಗೆ ಗೊತ್ತಾಗೋದು ಬೇಡ."

ಜುಲೈ ಒಂಬತ್ತರ ಸಂಜೆ ನಾಲ್ಕಕ್ಕೆ ಚಿಕ್ಕ, "ಗುಜರಿಗೆ ಹೋಗಿ ಬರ್ತೀನಿ ಅಣ್ಣ, ಪೈಪ್ ನೋಡ್ಬೇಕು," ಎಂದು ಬೈಕ್ ಹತ್ತಿದ. ಹೋದದ್ದು ಕ್ಯಾಮೆರಾ ರಿಪೇರಿಯವನ ಅಂಗಡಿಗೆ. ಆರಕ್ಕೆ ಬರಿಗೈಯಲ್ಲಿ ಬಂದ. ಪೈಪ್ ಸಿಗಲಿಲ್ಲ ಎಂದ, ಆದರೆ ಮುಖದಲ್ಲಿ ಏನೋ ಕಳೆ. ಮೇಸ್ತ್ರಿ ಅದನ್ನು ಗಮನಿಸಿದ. ಪೈಪ್ ಸಿಗದವನಿಗೆ ಇಷ್ಟು ಖುಷಿಯೇಕೆ ಎಂದುಕೊಂಡ, ಕೇಳಲಿಲ್ಲ.

ಕ್ಯಾಮೆರಾದೊಳಗೆ ಅರವತ್ತಮೂರು ಫೋಟೋ ಇದ್ದವು. ಮರುದಿನ ಬೆಳಿಗ್ಗೆ ಅಣ್ಣ ಬರುವ ಮುಂಚೆ ಚಿಕ್ಕ ಅವನ್ನು ಕಂಪ್ಯೂಟರಿಗೆ ಹಾಕಿದ. ಊಟ ತರುವ ಅತ್ತಿಗೆಗೆ ಮೊದಲು ತೋರಿಸಬೇಕು, ಆಮೇಲೆ ಇಬ್ಬರೂ ಸೇರಿ ಅಣ್ಣನಿಗೆ ಮೆಲ್ಲಗೆ ಹೇಳಬೇಕು ಎಂದುಕೊಂಡ. ಹಾಕಿದ್ದು ಸ್ಕ್ರೀನ್‌ಸೇವರ್ ನೋಡುವ ಅದೇ ಫೋಲ್ಡರಿಗೆ. ಖುಷಿಯಲ್ಲಿದ್ದವನಿಗೆ ಟಿವಿಯ ನೆನಪೇ ಆಗಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಮೇಸ್ತ್ರಿ ಒಂದು ಕಿಟಕಿಯ ಅಳತೆ ಚೀಟಿ ಹುಡುಕಿಕೊಂಡು ಆಫೀಸಿಗೆ ಬಂದ. ಟಿವಿಯಲ್ಲಿ ಒಂದು ಗೇಟು ಹೋಯಿತು. ಮುಂದಿನದು ಬಂತು.

ಚಿಕ್ಕ ಮತ್ತು ಹಾರ್ನ್. ಹಿಂದೆ ಗುಜರಿ ಅಂಗಡಿಯ ನೀಲಿ ಶಟರು. ಹಾರ್ನ್ ಒಂದು ತೋಳು ಚಿಕ್ಕನ ಕೊರಳ ಸುತ್ತ ಹಾಕಿ, ಬಾಯಿ ಇಷ್ಟಗಲ ತೆರೆದು, ಕೊನೆಯ ಹಲ್ಲೂ ಕಾಣುವಂತೆ ನಗುತ್ತಿದ್ದ. ಚಿಕ್ಕ ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದ. ಮೂಲೆಯಲ್ಲಿ, ಬಿಳಿ ಅಂಗಿಯ ಮೇಲೂ ಕಾಣುವ ದಪ್ಪ ಅಕ್ಷರ: ಜುಲೈ 9, ಸಂಜೆ 4:15.

ಹತ್ತು ಸೆಕೆಂಡು. ಅಷ್ಟು ಸಾಕಾಯಿತು. ನಿನ್ನೆ ಜುಲೈ ಒಂಬತ್ತು. ನಿನ್ನೆ ನಾಲ್ಕಕ್ಕೆ ಹೊರಟ. ಗುಜರಿಗೆ. ಬರಿಗೈಯಲ್ಲಿ ಬಂದ, ಮುಖ ಅರಳಿತ್ತು. ಕೋರ್ಟಿನಲ್ಲಿ ಎರಡು ಬೆರಳಷ್ಟೇ ಬಾಯಿ ತೆರೆಯುವ ಹಾರ್ನನ್ನು ಎಷ್ಟೋ ಸಲ ನೋಡಿದವನು ಮೇಸ್ತ್ರಿ. ಆ ಬಾಯಿ ಮುರಿದವನೂ ಅವನೇ. ಆದರೂ ಫೋಟೋದಲ್ಲಿ ಅಗಲಿಸಿದ ಆ ಬಾಯಿ ಅವನಿಗೆ ಬರೀ ನಗುವಾಗಿ ಕಂಡಿತು, ತನ್ನನ್ನೇ ನೋಡಿ ನಕ್ಕ ನಗುವಾಗಿ. ಮುಖ ನೋಡಿದರೆ ಗೊತ್ತಾಗಲ್ವಾ ಎಂದವನು ಮುಖ ನೋಡಲೇ ಇಲ್ಲ, ತಾರೀಖು ನೋಡಿದ.

ಹೊರಗೆ ಚಿಕ್ಕ ಪೈಪು ಕತ್ತರಿಸುತ್ತಿದ್ದ. ಕಿವಿಗೆ ಸದ್ದು ತಡೆಯುವ ಬಟ್ಟಲು, ಕಣ್ಣಿಗೆ ಕನ್ನಡಕ. ಮೇಸ್ತ್ರಿ ಪ್ಲಗ್ ಕಿತ್ತ. ಮಿಷನ್ನು ಗೊರಗೊರನೆ ನಿಂತಿತು. ಗ್ರಿಲ್ಲಿಗೆಂದು ಜೋಡಿಸಿಟ್ಟ ಅರ್ಧ ಇಂಚಿನ ಚೌಕ ಸರಳುಗಳಲ್ಲಿ ಒಂದನ್ನು ಎಳೆದುಕೊಂಡ.

"ನಿನ್ನೆ ಸಂಜೆ ಎಲ್ಲಿದ್ದೆ?"

ಚಿಕ್ಕ ಕಿವಿಯ ಬಟ್ಟಲು ಸರಿಸಿದ. "ಗುಜರೀಲಿ. ಹೇಳಿ ಹೋದ್ನಲ್ಲ."

"ಯಾರ ಜೊತೆ?"

"ಒಬ್ನೇ."

ಮೊದಲ ಏಟು ಹೆಗಲಿಗೆ ಬಿತ್ತು. ಎಲುಬು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಚಿಕ್ಕ ಆಶ್ಚರ್ಯದಿಂದ ಅಣ್ಣನನ್ನೇ ನೋಡಿದ. ಎರಡನೆಯದು ಪಕ್ಕೆಗೆ. ಆಗ ಮಂಡಿಯೂರಿದ.

"ಅಣ್ಣಾ! ಯಾಕಣ್ಣಾ?"

"ಯಾಕಾ? ಹಾರ್ನ್ ಕೊರಳಿಗೆ ನೇತಾಡ್ಕೊಂಡು ಹಲ್ಲು ಕಿರೀತಿದ್ದೆಯಲ್ಲೋ! ನಿನ್ನೆ! ನಾಲ್ಕೂ ಕಾಲಿಗೆ! ನನ್ನ ಕಣ್ಣಾರೆ ನೋಡ್ದೆ ಕಣೋ, ಟಿವೀಲಿ!"

ಚಿಕ್ಕನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಿಳಿದದ್ದೇ ಅವನ ಮುಖ ಸಡಿಲವಾಯಿತು, ಬದುಕಿದೆ ಎನ್ನುವ ಹಾಗೆ. ಇಷ್ಟೇನಾ, ಒಂದು ಮಾತು ಹೇಳಿದರೆ ಮುಗಿಯಿತಲ್ಲ.

"ಅಯ್ಯೋ ಅಣ್ಣ, ಅದು ಗೋಲಿ..."

ಸರಳು ಬಾಯಿಗೆ ಬಿತ್ತು.

"ಅವಳ ಹೆಸರೆತ್ತಬೇಡ! ಆ ಬಾಯಲ್ಲಿ ಅವಳ ಹೆಸರೆತ್ತಬೇಡ!"

ಹೇಳಲು ನನಗೇ ನಾಲಿಗೆ ಕಹಿಯಾಗುತ್ತದೆ, ಆದರೆ ಹೇಳದೆ ಬಿಟ್ಟರೆ ಅವನಿಗೆ ಉಪಕಾರ ಮಾಡಿದಂತಾಗುತ್ತದೆ. ತನ್ನನ್ನು ತಡೆಯಬಲ್ಲ ಒಂದೇ ಒಂದು ಮಾತು ತಮ್ಮನ ಬಾಯಲ್ಲಿತ್ತು. ಮೇಸ್ತ್ರಿ ಆ ಬಾಯಿಯನ್ನೇ ಒಡೆದ. ನೆಲದ ಲೋಹದ ಪುಡಿಯ ಮೇಲೆ ಎರಡು ಹಲ್ಲು ಬಿದ್ದವು. ಚಿಕ್ಕ ಮತ್ತೆ ಏನೋ ಹೇಳಿದ, ಅದು ರಕ್ತದ ಗುಳ್ಳೆಯಾಗಿ ಬಂತು, ಮಾತಾಗಿ ಬರಲಿಲ್ಲ.

ಅವನು ಅಣ್ಣನಿಗಿಂತ ಹದಿನೈದು ವರ್ಷ ಚಿಕ್ಕವನು, ಗಟ್ಟಿ ಆಳು. ಒಂದು ಸಲ ಸರಳು ಹಿಡಿದೆಳೆದಿದ್ದರೆ ಮೇಸ್ತ್ರಿ ಮುಗ್ಗರಿಸುತ್ತಿದ್ದ. ಅಂದು ಆಸ್ಪತ್ರೆಯಲ್ಲಿ ಇನ್ನೊಬ್ಬನನ್ನು ಉಳಿಸಲು ಅಣ್ಣನ ಕೈ ತಿರುಚಿದವನು ಇಂದು ತನ್ನನ್ನು ಉಳಿಸಿಕೊಳ್ಳಲು ಕೈ ಎತ್ತಲಿಲ್ಲ. ಏಳಲೆಂದು ಬಲಗೈಯನ್ನು ಉಕ್ಕಿನ ಬೆಂಚಿನ ಮೇಲೆ ಊರಿದ. ಮೇಸ್ತ್ರಿ ಆ ಕೈ ಮೇಲೆ ಬಾರಿಸಿದ. ಇನ್ನೊಮ್ಮೆ ಬಾರಿಸಿದ. ಮೂರನೇ ಸಲ ಬಾರಿಸಿದಾಗ ಅದು ಕೈಯಂತೆ ಕಾಣುತ್ತಿರಲಿಲ್ಲ. ಆಮೇಲೆ ಬೂಟು ಕಾಲಿನಿಂದ ಹೊಟ್ಟೆಗೆ ಒದ್ದ.

ಅತ್ತಿಗೆ ಊಟದ ಕ್ಯಾರಿಯರ್ ಹಿಡಿದು ಅಂಗಳ ದಾಟಿದ್ದು ಆಗ. ಕ್ಯಾರಿಯರ್ ಬಿತ್ತು, ಅನ್ನ ಚೆಲ್ಲಿತು. ಅವಳು ಓಡಿಬಂದು ಚಿಕ್ಕನ ಮೇಲೆ ಬಿದ್ದಳು. ಮೇಸ್ತ್ರಿ ಜಡೆ ಹಿಡಿದು ಎಳೆದು ಆಚೆ ಎಸೆದ. ತಲೆ ಡ್ರಿಲ್ಲಿಂಗ್ ಮಿಷನ್ನಿನ ಕಂಬಕ್ಕೆ ಬಡಿದು ಹಣೆ ಬಿಚ್ಚಿತು. ಎದ್ದು ಮತ್ತೆ ಬಂದಳು, ನಡುವೆ ನಿಂತಳು. ರಕ್ತ ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹೊಡೀರಿ. ನನ್ನೂ ಹೊಡೀರಿ. ಯಾಕೆ ಅಂತ ಹೇಳಿ ಹೊಡೀರಿ."

"ಬಾ, ತೋರಿಸ್ತೀನಿ! ನೀನು ಅನ್ನ ಹಾಕಿ ಸಾಕಿದ ನಾಯಿ ಏನು ಮಾಡಿದ್ದಾನೆ ನೋಡು ಬಾ! ಇವನದ್ದಾಯ್ತು, ಈಗ ಹೋಗಿ ಆ ಹಾರ್ನನ್ನ ಮುಗಿಸ್ತೀನಿ. ಇವತ್ತೇ ಮುಗಿಸ್ತೀನಿ!"

ಮಣಿಕಟ್ಟು ಹಿಡಿದು ಅವಳನ್ನು ಆಫೀಸಿಗೆ ಎಳೆದುಕೊಂಡು ಹೋದ. ಇನ್ನೊಂದು ಕೈಯಲ್ಲಿ ಸರಳು ಹಾಗೇ ಇತ್ತು. ಬೀದಿಯವರು ಗೇಟಿನಲ್ಲಿ ಮುಕುರಿದ್ದರು, ಒಳಗೆ ಬರಲು ಯಾರಿಗೂ ಧೈರ್ಯವಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನು ಮಾತ್ರ ಒಳಗೆ ನುಗ್ಗಿ, ಚಿಕ್ಕನ ತಲೆಯ ಕೆಳಗೆ ತನ್ನ ಅಂಗಿ ಮಡಚಿಟ್ಟು, ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದ.

ಟಿವಿಯಲ್ಲಿ ಆಗ ಬಂದದ್ದು ಬೇರೆ ಫೋಟೋ. ಒಂದು ಪುಟ್ಟ ಅಂಗೈ, ಮಸಿ ಮೆತ್ತಿದ್ದು, ಅದರ ತುಂಬ ಬೇರಿಂಗ್ ಗುಂಡು. ಜುಲೈ 8, ಬೆಳಿಗ್ಗೆ 10:40.

ಅವಳು ಆ ಕೈ ಗುರುತು ಹಿಡಿದಳು. ಗಂಡನನ್ನು ಮರೆತು ಬಾಗಿಲ ಕಡೆ ತಿರುಗಿದಳು. "ಸಿಕ್ತೇನೋ? ಚಿಕ್ಕಾ, ಸಿಕ್ತೇನೋ?"

ಹೊರಗೆ ನೆಲದ ಮೇಲಿನಿಂದ ಚಿಕ್ಕ ತಲೆ ಆಡಿಸಿದ.

"ಏನು ಸಿಕ್ತು?" ಎಂದು ಮೇಸ್ತ್ರಿ ಗರ್ಜಿಸಿದ.

"ಅವಳ ಕ್ಯಾಮೆರಾ ರೀ. ರೇನ್‌ಕೋಟ್ ಜೇಬಲ್ಲಿತ್ತು. ನಿನ್ನೆ ಇವನು ಹೋಗಿದ್ದು ಅದರಲ್ಲಿದ್ದ ಫೋಟೋ ತೆಗೆಸೋಕೆ. ನಾನೇ ಕಳಿಸಿದ್ದು. ನಾನೇ ಹೇಳ್ಬೇಡ ಅಂದಿದ್ದು."

"ಸುಳ್ಳು! ಇವನೂ ಹಾರ್ನೂ ಇರೋ ಫೋಟೋದ ತಾರೀಖು ನಾನೇ ನೋಡಿದ್ದೀನಿ. ನಿನ್ನೆದು!"

"ಯಾವ ವರ್ಷದ್ದು?"

ಮೇಸ್ತ್ರಿ ಟಿವಿಯ ಕಡೆ ತಿರುಗಿದ, ಅಲ್ಲಿ ವರ್ಷವಿರಲಿಲ್ಲ. ಅವಳು ಕುರ್ಚಿಯಲ್ಲಿ ಕೂತಳು. ಆ ಕಂಪ್ಯೂಟರನ್ನು ಅವಳು ಒರೆಸಿದ್ದುಂಟು, ಎಂದೂ ನಡೆಸಿದ್ದಿಲ್ಲ. "ಚಿಕ್ಕಾ, ವರ್ಷ ಹೆಂಗೋ ತರೋದು?" ಎಂದು ಕೂಗಿದಳು. "ಇವರು ಅವನ್ನೂ ಕೊಲ್ಲೋಕೆ ಹೊರಟಿದ್ದಾರೆ. ಹೇಳೋ!"

ಚಿಕ್ಕ ಎಡಗೈ ಊರಿ ಬಾಗಿಲವರೆಗೆ ತೆವಳಿದ. ಪಂಕ್ಚರ್ ಅಂಗಡಿಯವನು ಬೇಡವೆಂದರೂ ಕೇಳಲಿಲ್ಲ. ಒಡೆದ ಬಾಯಿಂದ ಒಂದೊಂದೇ ಮಾತು ತಳ್ಳಿದ. "ಸೆಟ್... ಟಿಂಗ್ಸ್. ಕೆಳಗೆ... ಇನ್ನೂ ಕೆಳಗೆ. ವರ್ಷ. ಟಿಕ್... ಕ್ಯಾಮೆರಾ ಅಂತಿದೆ. ಅದಕ್ಕೂ... ಅತ್ತಿಗೆ."

ಅವಳು ಒಂದೊಂದನ್ನೂ ಒತ್ತಿದಳು. ಮೌಸಿಗೆ ರಕ್ತ ಹತ್ತಿತು. ಫೋಟೋಗಳು ಮತ್ತೆ ಶುರುವಾದವು. ಒಂದು ಗೇಟು, ಹೋದ ವರ್ಷದ್ದು. ಹತ್ತು ಸೆಕೆಂಡು. ಗುಂ ಎಂದು ಟಿವಿಯ ಸದ್ದು, ಹೊರಗೆ ಚಿಕ್ಕನ ಉಸಿರಿನ ಗೊರಗೊರ. ಆ ಅಂಗೈ, ನಾಲ್ಕು ವರ್ಷ ಹಿಂದಿನದು. ಹತ್ತು ಸೆಕೆಂಡು. ಆಮೇಲೆ ನೀಲಿ ಶಟರು ಬಂತು.

ಜುಲೈ 9, ನಾಲ್ಕು ವರ್ಷ ಹಿಂದಿನ ಇಸವಿ, ಸಂಜೆ 4:15. ಅದರ ಪಕ್ಕದಲ್ಲಿ ಕ್ಯಾಮೆರಾದ ಹೆಸರು, ಮಕ್ಕಳ ಆಟದ ಸಾಮಾನಿನ ಪೆಟ್ಟಿಗೆ ಮೇಲೆ ಇರುವಂಥ ಹೆಸರು.

"ಹಾರ್ನ್ ಬಾಯಿ ನೋಡಿ," ಎಂದಳು ಹೆಂಡತಿ. "ನೀವು ಮುರಿದ ಬಾಯಿ ಅಷ್ಟು ತೆರೆಯುತ್ತಾ?"

ಮೇಸ್ತ್ರಿ ನೋಡಿದ. ನೆಟ್ಟಗಿದ್ದ ದವಡೆ. ವಾಲದ ಮುಖ. ಅಲ್ಲಿಂದ ಕಣ್ಣು ಕೆಳಗಿಳಿಯಿತು. ಇಬ್ಬರ ಅಂಗಿಗಳ ಮೇಲೆ, ಶಟರಿನ ಮೇಲೆ, ಇಳಿಬಿಸಿಲಿಗೆ ಒಂದು ನೆರಳು ಬಿದ್ದಿತ್ತು. ಫೋಟೋ ತೆಗೆಯುತ್ತಿರುವವರ ನೆರಳು. ಎರಡು ಗಿಡ್ಡ ಜಡೆ, ಎರಡೂ ಕಡೆ ಎತ್ತಿದ ಮೊಣಕೈ. ಗುಂಡು ಹೆಕ್ಕಲು ಚಿಕ್ಕಪ್ಪ ಅವಳನ್ನು ಬೈಕಿನಲ್ಲಿ ಗುಜರಿಗೆ ಕರೆದೊಯ್ಯುತ್ತಿದ್ದ ಕಾಲ. ಅವರಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದದ್ದು ಅವಳನ್ನು ನೋಡಿ. ಬೆಳಿಗ್ಗೆಯಿಂದ ಆ ನೆರಳು ಅಲ್ಲೇ ಇತ್ತು, ಅವನು ಸರಳು ಎತ್ತಿಕೊಳ್ಳುವ ಮುಂಚೆಯೂ ಇತ್ತು.

ಹತ್ತು ಸೆಕೆಂಡಾಯಿತು. ಇನ್ನೊಂದು ಗೇಟು ಬಂತು.

ಮೇಸ್ತ್ರಿ ಸರಳನ್ನು ಕೆಳಗಿಡಲು ನೋಡಿದ, ಬೆರಳು ಬಿಡಲಿಲ್ಲ. ಪಂಕ್ಚರ್ ಅಂಗಡಿಯವನು ಬಂದು ಒಂದೊಂದೇ ಬೆರಳು ಬಿಡಿಸಿ ಅದನ್ನು ತೆಗೆದುಕೊಂಡ.

ಆಸ್ಪತ್ರೆ ಅದೇ. ಕಾರಿಡಾರೂ ಅದೇ. ಗೋಡೆಯ ಮೇಲೆ ಅದೇ ಮೊಳೆಗೆ ಹೊಸ ಕೆಂಪು ಸಿಲಿಂಡರು. ಮೇಸ್ತ್ರಿ ಅದರ ಕೆಳಗೆ, ಅಂದು ಹಾರ್ನ್ ನಿಂತಿದ್ದ ಜಾಗದಲ್ಲಿ ನಿಂತಿದ್ದ. ಹೆಂಡತಿ ಬೆಂಚಿನ ಆ ತುದಿಯಲ್ಲಿ, ಹಣೆಗೆ ಏಳು ಹೊಲಿಗೆ ಹಾಕಿಸಿಕೊಂಡು, ಗಂಡನ ಕಡೆ ತಿರುಗದೆ ಕೂತಿದ್ದಳು.

ಸಂಜೆ ಐದು ಗಂಟೆಯ ಮೇಲೆ ಡಾಕ್ಟರು ಬಂದರು. ಜೀವಕ್ಕೆ ಅಪಾಯವಿಲ್ಲ ಎಂದರು. ಹೊಟ್ಟೆಯೊಳಗೆ ಒಡೆದದ್ದನ್ನು ತೆಗೆದಿದ್ದರು. ಬಲಗೈಯ ಮೂರು ಬೆರಳನ್ನೂ ತೆಗೆದಿದ್ದರು. ದವಡೆಗೆ ತಂತಿ ಕಟ್ಟಿದ್ದರು.

"ಬಾಯಿ?" ಎಂದು ಮೇಸ್ತ್ರಿ ಕೇಳಿದ.

"ತೆರೆಯುತ್ತೆ. ಮೊದಲಿನಷ್ಟಲ್ಲ," ಎಂದು ಡಾಕ್ಟರು ಎರಡು ಬೆರಳು ಜೋಡಿಸಿ ತೋರಿಸಿದರು. "ಇಷ್ಟು."

ಅವರ ಹಿಂದೆಯೇ ಪೊಲೀಸಿನವನು ಬಂದ, ಕೈಯಲ್ಲಿ ಹಾಳೆ ಹಿಡಿದು. ಮೇಸ್ತ್ರಿಯ ಮುಖ ಅವನಿಗೆ ನೆನಪಿದ್ದಂತಿತ್ತು. "ಗೇಟ್ ಮೈಮೇಲೆ ಬಿತ್ತು ಅಂತ ನಿಮ್ಮ ತಮ್ಮ ಹೇಳಿದ್ರಂತೆ, ಒಳಗೆ ಕರ್ಕೊಂಡು ಹೋಗೋ ಮುಂಚೆ. ಎಡಗೈಯಲ್ಲಿ ಬರೆದು ತೋರಿಸಿದ್ರಂತೆ. ಹೌದಾ?"

ಬೆಂಚಿನ ಆ ತುದಿಯಲ್ಲಿ ಹೆಂಡತಿ ಮೊದಲ ಸಲ ತಲೆ ಎತ್ತಿದಳು.

"ಗೇಟಲ್ಲ," ಎಂದ ಮೇಸ್ತ್ರಿ. "ನಾನು. ಸರಳಲ್ಲಿ ಹೊಡೆದೆ. ಅವನ ತಪ್ಪೇನಿರಲಿಲ್ಲ."

"ಯಾವಾಗ?"

"ಜುಲೈ ಹತ್ತು. ಮಧ್ಯಾಹ್ನ ಹನ್ನೆರಡೂವರೆ."

ಪೊಲೀಸಿನವನು ಬರೆದುಕೊಂಡು ಹಾಳೆ ತಿರುಗಿಸಲು ಹೋದ. ಮೇಸ್ತ್ರಿ ಹಾಳೆಯ ಮೇಲೆ ಕೈಯಿಟ್ಟ.

"ವರ್ಷ ಬರೀಲಿಲ್ಲ."

"ಈ ವರ್ಷ ತಾನೇ? ಗೊತ್ತಾಗುತ್ತೆ ಬಿಡಿ."

"ಗೊತ್ತಾಗಲ್ಲ," ಎಂದ ಮೇಸ್ತ್ರಿ. "ಬರೀರಿ."

ಅವನು ಇಸವಿಯನ್ನು ಒಂದೊಂದೇ ಅಂಕಿಯಾಗಿ ಹೇಳಿದ, ಪೊಲೀಸಿನವನು ಬರೆದುಕೊಂಡ.